ಕನ್ನಡಿ ಉಜ್ಜುವ ವಿದ್ಯೆ

1781ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ ಗ್ರಹವನ್ನು ಗುರುತಿಸಿದ್ದು ತಾನೇ ಕನ್ನಡಿ ಉಜ್ಜಿ ಕಟ್ಟಿದ ದೂರದರ್ಶಕದಿಂದ. ಕಾವಲೂರಿನ 2.34 ಮೀಟರ್ ದೂರದರ್ಶಕದ ಕನ್ನಡಿಯನ್ನು ಉಜ್ಜಿ ಸಿದ್ಧಪಡಿಸಿದ್ದು ಬೆಂಗಳೂರಿನಲ್ಲೇ. ಆದರೂ ನಮ್ಮ ಎಷ್ಟೋ ಶಾಲೆಗಳಲ್ಲಿ ಕೊಂಡು ತಂದ ದೂರದರ್ಶಕ ಬೀರುವಿನಲ್ಲಿ ಭದ್ರವಾಗಿದೆ.

ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಮ್ ಪುಡಿ, ನೀರು ಸೇರಿಸಿ ವಾರಗಟ್ಟಲೆ ಉಜ್ಜಿದರೆ ಮೇಲಿನ ಬಿಲ್ಲೆ ನಿಮ್ನವಾಗುತ್ತದೆ. ಅಂತಿಮ ಮೇಲ್ಮೈಯ ದೋಷ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗವನ್ನು ಮೀರಕೂಡದು. ಅದನ್ನು ಪತ್ತೆಹಚ್ಚಲು ಒಂದು ದೀಪ, ಒಂದು ಬ್ಲೇಡು ಸಾಕು.

ಕೊಳ್ಳುವುದೇ ಅಗ್ಗವೆಂಬ ವಾದ ಸುಳ್ಳಲ್ಲ. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಉಪಕರಣದ ಬೆಲೆ ಮಾತ್ರ. ತನ್ನ ತಪ್ಪನ್ನು ತಾನೇ ಅಳೆದು ತಿದ್ದಲು ಕಲಿತ ವಿದ್ಯಾರ್ಥಿಯಲ್ಲ. ಶಿಕ್ಷಣ ಇಲಾಖೆ ತಾಲ್ಲೂಕಿಗೊಂದು ಕನ್ನಡಿ ಉಜ್ಜುವ ಕಮ್ಮಟ ನಡೆಸಲಿ.