‘ಅನಿವಾರ್ಯ ಕಾರಣ’ ಎಂದರೆ ಯಾವ ಕಾರಣ?

‘ಮಳೆಯಿಂದಾಗಿ ಕಾಮಗಾರಿ ತಡವಾಯಿತು.’ ಇಂಥ ವಾಕ್ಯವನ್ನು ವಿದ್ಯಾರ್ಥಿಯೊಬ್ಬ ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಬರೆದರೆ ಐದಕ್ಕೆ ಒಂದು ಅಂಕ ಕೊಡಬಹುದು. ಅದೂ ಅಕ್ಷರ ದುಂಡಾಗಿದ್ದರೆ. ಎಷ್ಟು ದಿನ ಮಳೆ ಬಂತು? ಆ ದಿನಗಳಲ್ಲಿ ಯಾವ ಕೆಲಸ ನಡೆಯಬೇಕಿತ್ತು? ಆ ಕೆಲಸಕ್ಕೂ ಮಳೆಗೂ ಏನು ಸಂಬಂಧ? ಇವಕ್ಕೆ ಉತ್ತರವಿಲ್ಲದಿದ್ದರೆ ಅದು ಬರೀ ನೆಪ. ಮಕ್ಕಳಿಂದ ಇಷ್ಟೆಲ್ಲ ಕೇಳುವ ನಾವು ದೊಡ್ಡವರು, ಲಕ್ಷಾಂತರ ರೂಪಾಯಿ ಸುರಿದ ಕಟ್ಟಡದ ವಿಷಯದಲ್ಲಿ ಮಾತ್ರ ಇಂಥ ಒಂದು ಸಾಲಿನ ಪತ್ರವನ್ನು ಓದಿ, ಮಡಿಸಿ, ಫೈಲಿಗೆ ಸೇರಿಸಿಬಿಡುತ್ತೇವೆ.

ನಾನು ಪಾಠ ಹೇಳುತ್ತಿದ್ದ ಒಂದು ಪ್ರೌಢಶಾಲೆಯಲ್ಲಿ ಹೊಸ ಪ್ರಯೋಗಾಲಯ ಜೂನ್ ತಿಂಗಳಿಗೆ ಸಿದ್ಧವಾಗಬೇಕಿತ್ತು. ಬೀಗದ ಕೈ ಸಿಕ್ಕಿದ್ದು ಮರುವರ್ಷದ ಮಾರ್ಚ್‌ನಲ್ಲಿ. ಹತ್ತನೆಯ ತರಗತಿಯ ಆ ಒಂದು ತಂಡ, ಸತುವಿನ ಚೂರಿಗೆ ಆಮ್ಲ ಸುರಿದರೆ ಜಲಜನಕದ ಗುಳ್ಳೆಗಳು ಏಳುವುದನ್ನು ಪುಸ್ತಕದ ಚಿತ್ರದಲ್ಲಷ್ಟೇ ನೋಡಿ ಶಾಲೆ ಬಿಟ್ಟಿತು. ಗುತ್ತಿಗೆದಾರರ ಪತ್ರದಲ್ಲಿದ್ದ ಕಾರಣ ಇಷ್ಟೇ: ‘ಅನಿವಾರ್ಯ ಕಾರಣಗಳಿಂದ’.

ಕಟ್ಟಡದ ಕೆಲಸ ತಡವಾಗುವುದು ಅಪರಾಧವೇನಲ್ಲ. ಕೊಂಕಣ ರೈಲು ಮಾರ್ಗವನ್ನೇ ನೋಡಿ. 1990ರಲ್ಲಿ ಆರಂಭವಾದ ಕೆಲಸ ಮುಗಿದು ಇಡೀ ಮಾರ್ಗ ತೆರೆದದ್ದು 1998ರ ಜನವರಿ 26ರಂದು. ನಮ್ಮ ಕಾರವಾರ, ಉಡುಪಿಗಳನ್ನು ಹಾದುಹೋಗುವ ಈ ಮಾರ್ಗದ ಸುರಂಗಗಳಲ್ಲಿ ಕಾಡಿದ್ದು ಗಟ್ಟಿ ಬಂಡೆಯಲ್ಲ. ಬಂಡೆ ಕೊರೆಯಲು ಯಂತ್ರಗಳಿದ್ದವು. ಕಾಡಿದ್ದು ಮೆತ್ತನೆ ಮಣ್ಣಿನ ಒಂಬತ್ತು ಸುರಂಗಗಳು. ನೀರು ಕುಡಿದ ಜೇಡಿಮಣ್ಣು ಅಗೆದಷ್ಟೂ ಕುಸಿಯುತ್ತಿತ್ತು. ಅಲ್ಲಿ ಕೈಯಿಂದಲೇ ನಿಧಾನವಾಗಿ ಅಗೆಯಬೇಕಾಯಿತು. ಜೀವಗಳೂ ಹೋದವು. ‘ಮಣ್ಣು ಮೆತ್ತಗಿತ್ತು, ಅದಕ್ಕೆ ತಡ’ ಎಂಬ ಮಾತು ಮೊದಲ ಸಲ ಕೇಳಿದಾಗ ತಮಾಷೆ ಎನ್ನಿಸಬಹುದು. ಆದರೆ ಅದು ಸ್ಥಳಕ್ಕೆ ಹೋಗಿ ನೋಡಬಹುದಾದ, ಅಳೆಯಬಹುದಾದ ಕಾರಣ.

ಇಲ್ಲಿ ಒಂದು ವ್ಯತ್ಯಾಸ ತಿಳಿಯಬೇಕು. ವಿವರಣೆ ಬೇರೆ, ಸಮರ್ಥನೆ ಬೇರೆ. ‘ಯುಗಾದಿಗೆ ಕೆಲಸಗಾರರು ಊರಿಗೆ ಹೋದರು’ ಎಂಬುದು ನಿಜವಾದ ವಿವರಣೆಯೇ. ಆದರೆ ಯುಗಾದಿ ಯಾವತ್ತು ಎಂಬುದು ಒಪ್ಪಂದಕ್ಕೆ ಸಹಿ ಹಾಕುವಾಗಲೇ ಪಂಚಾಂಗದಲ್ಲಿತ್ತಲ್ಲ! ಆಗುಂಬೆಯಲ್ಲಿ ಜುಲೈ ತಿಂಗಳ ಮಳೆಯೂ ಹಾಗೆಯೇ, ಅದು ಯಾರಿಗೂ ಸುದ್ದಿಯಲ್ಲ. ಮೊದಲೇ ಗೊತ್ತಿದ್ದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನು ಅದರ ನಷ್ಟವನ್ನು ಇನ್ನೊಬ್ಬರ ತಲೆಗೆ ಕಟ್ಟಲಾಗದು.

ಇನ್ನು ಮಳೆಯ ರಸಾಯನಶಾಸ್ತ್ರ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ನೀರಿನೊಂದಿಗೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತದೆ. ಹಸಿ ಕಾಂಕ್ರೀಟಿನ ಮೇಲೆ ಜೋರು ಮಳೆ ಬಿದ್ದರೆ ಮೇಲಿನ ಸಿಮೆಂಟು ಕೊಚ್ಚಿಹೋಗುತ್ತದೆ, ನೀರಿನ ಪ್ರಮಾಣ ಹೆಚ್ಚಿ ಬಲ ಕುಗ್ಗುತ್ತದೆ. ಆದ್ದರಿಂದ ಮಳೆಯಲ್ಲಿ ತಾರಸಿ ಹಾಕದೆ ನಿಲ್ಲಿಸಿದವರು ಸರಿಯಾದುದನ್ನೇ ಮಾಡಿದ್ದಾರೆ. ಆದರೆ ಕಾಂಕ್ರೀಟ್ ಗಟ್ಟಿಯಾದ ಮರುದಿನ ಬರುವ ಮಳೆ? ಅದು ಪುಕ್ಕಟೆ ಕ್ಯೂರಿಂಗ್! ಆ ಮಳೆಯಿಂದ ತಾರಸಿ ಹಾಳಾಗಿ ತಡವಾಯಿತೆಂದು ಬರೆದವರ ಪತ್ರಕ್ಕೆ ಸೊನ್ನೆ. ಹಾಗೆಯೇ ನಾಲ್ಕೂವರೆ ಮೀಟರಿಗಿಂತ ಅಗಲದ ತಾರಸಿಯ ಕೆಳಗಿನ ಊರುಗೋಲುಗಳನ್ನು 14 ದಿನ ತೆಗೆಯಬಾರದೆಂದು ನಮ್ಮ ದೇಶದ ಐ.ಎಸ್. 456 ಮಾನಕ ಹೇಳುತ್ತದೆ. ಈ ಕಾಯುವಿಕೆ ವಿಳಂಬವಲ್ಲ. ತಡವಾಯಿತೆಂದು ಮಾಲೀಕರೇ ಅವಸರಪಡಿಸಿ ಊರುಗೋಲು ಕೀಳಿಸುವುದುಂಟು; ಅಲ್ಲಿ ಅಪಾಯ ತಲೆಯ ಮೇಲೇ ಇರುತ್ತದೆ.

ಪತ್ರ ಹೇಗಿರಬೇಕು? ಒಂದು ಮಾದರಿ ಹೀಗೆ:

‘ಆಗಸ್ಟ್ 4ರಂದು ಮೊದಲ ಮಹಡಿಯ ತಾರಸಿಗೆ ಕಾಂಕ್ರೀಟ್ ಹಾಕಬೇಕಿತ್ತು. 4ರಿಂದ 9ರವರೆಗೆ ಆರು ದಿನ ಎಡೆಬಿಡದೆ ಅಸಾಧಾರಣ ಮಳೆ ಸುರಿಯಿತು. 10ರಂದು ಸೆಂಟ್ರಿಂಗ್ ಮೇಲೆ ನಿಂತ ನೀರು ತೆಗೆದು ಕಂಬಿ ಶುಚಿ ಮಾಡಿದೆವು. 11 ಮತ್ತು 12ರಂದು ಜಲ್ಲಿಯ ಲಾರಿ ಬರಲಿಲ್ಲ. ಅದು ನಮ್ಮ ಹೊಣೆ. 13ರಂದು ಕಾಂಕ್ರೀಟ್ ಹಾಕಿದ್ದೇವೆ. ಒಟ್ಟು ತಡವಾದದ್ದು ಒಂಬತ್ತು ದಿನ. ಏಳು ದಿನಗಳ ಕಾಲಾವಕಾಶ ಕೋರುತ್ತೇವೆ.’

ತಮ್ಮ ಪಾಲಿನ ಎರಡು ದಿನ ಬಿಟ್ಟುಕೊಟ್ಟಿದ್ದರಿಂದಲೇ ಉಳಿದ ಏಳು ದಿನಗಳಿಗೆ ತೂಕ ಬಂತು. ಜಲ್ಲಿ ಲಾರಿ ಮಳೆಯ ದಿನಗಳಲ್ಲೇ ತಪ್ಪಿದ್ದರೆ? ಆರು ದಿನದ ಮಳೆಗೆ ಎರಡು ದಿನದ ಲಾರಿ ಕೂಡಿಸಿ ಎಂಟು ಎನ್ನುವಂತಿಲ್ಲ. ಎರಡೂ ಒಟ್ಟಿಗೇ ಕಳೆದ ದಿನಗಳು. ಅದೇ ಮಳೆಯಲ್ಲಿ ಕಾಂಪೌಂಡಿನ ಗೇಟಿಗೆ ಬಣ್ಣ ಹಚ್ಚುವುದು ನಿಂತಿದ್ದರೆ ಅದನ್ನೂ ಸೇರಿಸುವಂತಿಲ್ಲ, ಏಕೆಂದರೆ ಗೇಟಿನ ಬಣ್ಣಕ್ಕಾಗಿ ಯಾವ ಕೆಲಸವೂ ಕಾದಿರಲಿಲ್ಲ. ತಾರಸಿಗಾಗಿ ಮೇಲಿನ ಗೋಡೆಗಳೆಲ್ಲ ಕಾದಿದ್ದವು. ವಿದ್ಯಾರ್ಥಿಗಳೇ, ಅಡುಗೆಮನೆಯಲ್ಲಿ ಅಮ್ಮನನ್ನು ಗಮನಿಸಿ. ಚಟ್ನಿಗೆ ಒಗ್ಗರಣೆ ತಡವಾದರೆ ಊಟ ನಿಲ್ಲುವುದಿಲ್ಲ, ಅಕ್ಕಿ ತಡವಾಗಿ ಇಟ್ಟರೆ ನಿಲ್ಲುತ್ತದೆ.

ಇಂಥ ಲೆಕ್ಕಕ್ಕಾಗಿಯೇ ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳಲ್ಲಿ ‘ಹಿಂಡ್ರೆನ್ಸ್ ರಿಜಿಸ್ಟರ್’, ಅಂದರೆ ಅಡಚಣೆಗಳ ಪುಸ್ತಕ ಇಡುವ ಪದ್ಧತಿ ಬಂದಿದೆ. ಅಡಚಣೆ ಏನು, ಎಂದು ಶುರುವಾಯಿತು, ಎಂದು ನೀಗಿತು, ಒಂದರ ಮೇಲೊಂದು ಬಿದ್ದ ದಿನಗಳೆಷ್ಟು, ಅವನ್ನು ಕಳೆದು ಉಳಿದದ್ದೆಷ್ಟು ಎಂದೆಲ್ಲ ಅದರಲ್ಲಿ ಬರೆಯಬೇಕು. ನಿಮ್ಮ ಪ್ರಯೋಗದ ರೆಕಾರ್ಡಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಎರಡನ್ನೂ ಅಂದಂದೇ ಬರೆಯಬೇಕು. ವರ್ಷದ ಕೊನೆಯಲ್ಲಿ ಒಂದೇ ಶಾಯಿಯಲ್ಲಿ, ಒಂದೇ ರಾತ್ರಿ ಬರೆದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಅಂತರರಾಷ್ಟ್ರೀಯ ಕಾಮಗಾರಿಗಳಲ್ಲಿ ಬಳಸುವ ಫಿಡಿಕ್ ಒಪ್ಪಂದದ 1999ರ ಮಾದರಿಯಂತೂ, ಅಡಚಣೆ ಗಮನಕ್ಕೆ ಬಂದ 28 ದಿನಗಳೊಳಗೆ ಲಿಖಿತವಾಗಿ ತಿಳಿಸದ ಗುತ್ತಿಗೆದಾರನಿಗೆ ಕಾಲಾವಕಾಶವೇ ಇಲ್ಲ ಎನ್ನುತ್ತದೆ.

ಒಂದು ಕಡೆ ಮನೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು ಕಟ್ಟುತ್ತ ಫ್ಲ್ಯಾಟಿಗಾಗಿ ಕಾದಿರುವ ಪಾಲಕರಿಗೆ ಒಂದು ಮಾತು. 2016ರ ರೇರಾ ಕಾಯ್ದೆಯ 6ನೆಯ ಕಲಂ ತಾನು ಒಪ್ಪುವ ಅನಿವಾರ್ಯಗಳನ್ನು ಹೆಸರಿಸಿಯೇ ಹೇಳಿದೆ: ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಅಥವಾ ಯೋಜನೆಯನ್ನು ಬಾಧಿಸುವ ಬೇರೆ ನೈಸರ್ಗಿಕ ವಿಪತ್ತು. ಕೊರೋನಾ ಬಂದಾಗ ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ ಅದನ್ನೂ ಇಂಥ ವಿಪತ್ತೆಂದು ಪರಿಗಣಿಸಿ, ಆ ವರ್ಷದ ಮಾರ್ಚ್ 25ರಂದು ಅಥವಾ ಆನಂತರ ಗಡುವು ಮುಗಿಯುವ ಯೋಜನೆಗಳಿಗೆ ಆರು ತಿಂಗಳ ಅವಧಿ ಕೊಡುವಂತೆ ರಾಜ್ಯಗಳ ಪ್ರಾಧಿಕಾರಗಳಿಗೆ ಸೂಚಿಸಿತು. ಎರಡು ವರ್ಷ ತಡಮಾಡಿ ‘ಕೊರೋನಾದಿಂದ’ ಎಂದು ಒಂದು ಪದ ಬರೆದವರನ್ನು ಉಳಿದ ಹದಿನೆಂಟು ತಿಂಗಳ ದಿನಾಂಕಗಳನ್ನು ಕೇಳಿ. ಕೇಳುವುದನ್ನೂ ಪತ್ರದಲ್ಲೇ ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ.