ಕ್ಷಣದ ಶಾಕ್, 18 ಕೋಟಿಯ ಬಿಲ್

ಕರೆಂಟ್ ಶಾಕ್ ಅಂದ್ರೆ ನಮಗೆಲ್ಲ ಭಯ. ಪ್ರಯೋಗಾಲಯದಲ್ಲಿ ಅದೇ ಶಾಕ್ ಜೀವಕೋಶದ ಬಾಗಿಲು ತೆರೆಯುವ ಕೀಲಿ. ಕೋಶದ ಸುತ್ತಲಿನ ಕೊಬ್ಬಿನ ತೆಳುಪೊರೆಯನ್ನು ಡಿಎನ್‌ಎಯಂಥ ದೊಡ್ಡ ಅಣು ದಾಟಲಾರದು. ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ವಿದ್ಯುತ್ ಮಿಡಿತ ಕೊಟ್ಟರೆ ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳು ತೆರೆದು ಅಣು ಒಳಗೆ ಹೋಗುತ್ತೆ. ಆಮೇಲೆ ಪೊರೆ ತಾನೇ ಮುಚ್ಚಿಕೊಳ್ಳುತ್ತೆ. 1982ರಲ್ಲಿ ಎಬರ್‌ಹಾರ್ಡ್ ನ್ಯೂಮನ್ ಮತ್ತು ಸಂಗಡಿಗರು ಇಲಿಯ ಕೋಶಗಳಿಗೆ ಹೀಗೆ ಜೀನ್ ಸೇರಿಸಿ ತೋರಿಸಿದರು. ಇದೇ ಎಲೆಕ್ಟ್ರೊಪೊರೇಷನ್.

ನಲವತ್ತು ವರ್ಷಗಳ ನಂತರ ಈ ಉಪಾಯ ಆಸ್ಪತ್ರೆಗೆ ಬಂದಿದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ; ನೋವು ಹೇಳತೀರದು. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿಗೆ ಕೊಟ್ಟ ಕ್ಯಾಸ್‌ಜೆವಿ ಚಿಕಿತ್ಸೆಯಲ್ಲಿ ರೋಗಿಯದೇ ಕಾಂಡಕೋಶಗಳನ್ನು ಹೊರತೆಗೆದು, ವಿದ್ಯುತ್ ಮಿಡಿತದಿಂದ ಕ್ರಿಸ್ಪರ್ ಕತ್ತರಿಯನ್ನು ಒಳಗೆ ಕಳಿಸುತ್ತಾರೆ. ಇಲ್ಲಿ ಹೊಸ ಜೀನ್ ಸೇರಿಸುವುದಿಲ್ಲ. ಭ್ರೂಣದಲ್ಲಿದ್ದಾಗ ತಯಾರಾಗುತ್ತಿದ್ದ ಹಿಮೋಗ್ಲೋಬಿನ್‌ಗೆ ಬಿದ್ದ ತಡೆಯನ್ನು ತೆಗೆಯುತ್ತಾರೆ ಅಷ್ಟೇ. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ!

ಆ ಕ್ಷಣದ ಶಾಕ್‌ಗೆ ಇಷ್ಟೊಂದು ದುಡ್ಡಾ? ಅಲ್ಲ. ಒಬ್ಬೊಬ್ಬ ರೋಗಿಗೂ ಬೇರೆಯಾಗಿ ಔಷಧ ತಯಾರಾಗಬೇಕು. ಹಳೆಯ ಮಜ್ಜೆಯನ್ನು ತೆರವು ಮಾಡಲು ಕಠಿಣವಾದ ಕೀಮೋ ಬೇಕು, ವಾರಗಟ್ಟಲೆ ಆಸ್ಪತ್ರೆವಾಸ ಬೇಕು; ಇವೆರಡರ ಖರ್ಚು ಔಷಧದ ಆ ಬೆಲೆಗೆ ಹೊರತಾದದ್ದು. ಇವು ನಿಜವಾದ ಖರ್ಚುಗಳೇ. ಆದರೆ ಪೇಟೆಂಟ್, ಲಾಭದ ಲೆಕ್ಕವೂ ಆ ಬಿಲ್‌ನಲ್ಲಿದೆ ಅನ್ನೋದನ್ನು ಮರೆಯಬಾರದು.

ನಮಗೇಕೆ ಈ ಚರ್ಚೆ ಅಂತೀರಾ? ಭಾರತದಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಡುವುದು ಆದಿವಾಸಿಗಳನ್ನು. ಚಾಮರಾಜನಗರ, ಮೈಸೂರು ಜಿಲ್ಲೆಗಳ ಹಾಡಿಗಳಲ್ಲೂ ಇದೆ. 2047ರೊಳಗೆ ಇದನ್ನು ನಿರ್ಮೂಲನೆ ಮಾಡುವ ಗುರಿಯ ರಾಷ್ಟ್ರೀಯ ಅಭಿಯಾನ 2023ರ ಜುಲೈನಲ್ಲಿ ಶುರುವಾಯಿತು. 2025ರ ನವೆಂಬರ್‌ನಲ್ಲಿ ದೆಹಲಿಯ ಐಜಿಐಬಿ ಸಂಸ್ಥೆಯ ದೇಶೀ ಕ್ರಿಸ್ಪರ್ ಚಿಕಿತ್ಸೆ ‘ಬಿರ್ಸಾ 101’ ಅನಾವರಣಗೊಂಡಿತು. ತಂತ್ರಜ್ಞಾನವನ್ನು ಸೀರಮ್ ಇನ್‌ಸ್ಟಿಟ್ಯೂಟ್‌ಗೆ ಹಸ್ತಾಂತರಿಸುವ ಒಪ್ಪಂದವೂ ಆಯಿತು.

ಹೆಮ್ಮೆಯ ವಿಷಯವೇ. ಆದರೆ ಬಿರ್ಸಾ ಮುಂಡಾ ಹೆಸರಿಟ್ಟ ಮಾತ್ರಕ್ಕೆ ಔಷಧ ಹಾಡಿ ತಲುಪುವುದಿಲ್ಲ. ಸಾರ್ವಜನಿಕ ಹಣದಲ್ಲಿ ಹುಟ್ಟಿದ ಚಿಕಿತ್ಸೆಯ ಬೆಲೆ, ಷರತ್ತುಗಳೂ ಸಾರ್ವಜನಿಕವಾಗಿಯೇ ತೀರ್ಮಾನವಾಗಬೇಕು. ಅದು ಬರುವವರೆಗೆ ನೋವಿನ ದಾಳಿ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ, ಅಗ್ಗದ ಮಾತ್ರೆ ಹಾಡಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಸಿಗಬೇಕು. ಕಾಯಿಲೆ ಇದೆ ಅಂತ ಕಾರ್ಡ್ ಕೊಟ್ಟು ಮಾತ್ರೆ ಕೊಡದಿದ್ದರೆ ಆ ತಪಾಸಣೆಗೆ ಏನರ್ಥ?

ಕೋಶದ ಬಾಗಿಲು ತೆರೆಯುವುದನ್ನು ವಿಜ್ಞಾನ ಎಂದೋ ಕಲಿತಿದೆ. ಆಸ್ಪತ್ರೆಯ ಬಾಗಿಲು ತೆರೆಯಬೇಕಾದದ್ದು ಸರ್ಕಾರ.