ಅದು ಮಡಿ ಅಲ್ರೀ, ಬ್ಯಾನಿ

ನನ್ನ ಮಗಳು ಪಿಯುಸಿ ಓದೋ ಹೊತ್ತಿನ್ಯಾಗ, ಶ್ರಾವಣಕ್ಕ ಅರಿಷಿಣ ಕುಂಕುಮಕ್ಕ ಬಂದವ್ರೆಲ್ಲಾ ಒಂದ ಮಾತು ಹೇಳ್ತಿದ್ರು, "ಭಾಳ ಮಡಿ ನೋಡವಾ ನಿನ್ನ ಮಗಳು, ಈಗ ಇಂಥಾ ಹುಡುಗ್ಯಾರು ಎಲ್ಲಿ ಸಿಗ್ತಾರ!" ಸುಳ್ಳ ಯಾಕ ಹೇಳ್ಲಿ, ನನಗೂ ಹೆಮ್ಮಿ ಆಗ್ತಿತ್ತು.

ಆಮ್ಯಾಲೆ ಅಕಿ ಬಚ್ಚಲಮನಿಗೆ ಹೋದ್ರ ಎರಡ ತಾಸು ಹೊರಗ ಬರ್ತಿದ್ದಿಲ್ಲ. ಅಂಗೈ ಒಡದು ರಕ್ತ ಬರ್ಲಿಕ್ಕೆ ಶುರು ಆತು. ಆಗ ನನಗ ತಿಳೀತು. ಮಡಿ ಮಾಡೋರಿಗೆ ಸ್ನಾನ ಮುಗದ ಮ್ಯಾಲೆ ಒಂದ ಸಮಾಧಾನ ಇರ್ತದ. ನನ್ನ ಕೂಸಿಗೆ ಎಷ್ಟು ತೊಳಕೊಂಡ್ರೂ ಅದು ಇರಲಿಲ್ಲ.

ಹರಕಿ ಹೊತ್ತೆ, ದೃಷ್ಟಿ ತಗದೆ, ಬೈದೆ. ಒಂದ ವರ್ಷ ಹಂಗ ಹೋತು. ಕಡೀಕೆ ಮನೋವೈದ್ಯರ ಕಡೆ ಕರಕೊಂಡು ಹೋದ್ವಿ. ಓಸಿಡಿ ಅಂದ್ರು, ಕನ್ನಡದಾಗ ಗೀಳು ರೋಗ.

ಅವರು ನನ್ನನ್ನ ಒಂದ ಪ್ರಶ್ನೆ ಕೇಳಿದ್ರು, "ಮಗಳು 'ಕೈ ಸ್ವಚ್ಛ ಆಗ್ಯಾವನ' ಅಂತ ಕೇಳಿದ್ರ ನೀವು ಏನ್ ಹೇಳ್ತೀರಿ?" ನಾ ಅಂದೆ, "ಹೂಂ ಆಗ್ಯಾವ ಅಂತೀನ್ರಿ. ದಿನಕ್ಕ ನಲವತ್ತ ಸಲ ಕೇಳಿದ್ರೂ ಅಂತೀನಿ, ತಾಯಿ ಅಲ್ಲೇನ್ರಿ?" ಅದಕ್ಕ ಅವರು, "ನೀವು ಹೂಂ ಅಂದಷ್ಟೂ ಸಂಶಯದ ಒಲಿಗೆ ಕಟಗಿ ಹಾಕಿದಂಗ ಆಗ್ತದ" ಅಂದ್ರು. ನನಗ ಎದಿ ಒಡಧಂಗ ಆತು. ಪ್ರೀತಿ ಅಂತ ಕೊಟ್ಟಿದ್ದನ್ನ ಬ್ಯಾನಿ ತಿಂದು ಬೆಳದಿತ್ತು.

ಇದರ ಉಪಚಾರ ಎರಡು ತರಹ. ಒಂದು ಗುಳಿಗಿ, ಅದರ ಗುಣ ಕಾಣ್ಲಿಕ್ಕೆ ಎರಡ ಮೂರ ತಿಂಗಳು ಹಿಡೀತದ, ನಡುವ ನಾವ ಬಿಡಬಾರ್ದು. ಇನ್ನೊಂದು, ಹೆದರಿಕಿ ಇದ್ದದ್ದನ್ನ ಸ್ವಲ್ಪ ಸ್ವಲ್ಪ ಮುಟ್ಟೋದು, ಮುಟ್ಟಿ ತೊಳಕೊಳ್ಳದ ಕೂಡೋದು. ಬಾಗಲಾ ಚಿಲಕದಿಂದ ಶುರು ಮಾಡಿಸಿದ್ರು.

ನಾ ಉತ್ತರ ಕೊಡದ ಮೊದಲನೇ ದಿನ ಅಕಿ ಅತ್ಲು. "ಕೇಳೋದು ನಿನ್ನ ಬ್ಯಾನಿ, ನಾ ನಿನ್ನ ಜೋಡಿ ಇಲ್ಲೇ ಇರ್ತೀನಿ, ಉತ್ತರ ಮಾತ್ರ ಕೊಡಂಗಿಲ್ಲ" ಅಂದೆ. ಬಾಯಿ ತಡಿಲಿಕ್ಕೆ ಆಗದ, ಒಮ್ಮೆ ರುಬ್ಬಿದ್ದ ಚಟ್ನಿ ಮತ್ತ ರುಬ್ಬಿದೆ.

ಈ ಯುಗಾದಿಗೆ ಅಕಿ ಒಮ್ಮೆ ಕೈ ತೊಳಕೊಂಡು, ಹನ್ನೆರಡ ಹೂರಣದ ಉಂಡಿ ಕಟ್ಟಿದ್ಲು. ಹೋಳಿಗಿ ಸ್ವಲ್ಪ ದಪ್ಪ ಆಗಿದ್ವು. ನಾವಿಬ್ರೂ ಗಂಡಾಹೆಂಡ್ತಿ ಕಣ್ಣೊರಸಿಕೊಂಡು ತಿಂದ್ವಿ. ಪರೀಕ್ಷಾ ಬಂದ್ರ ಬ್ಯಾನಿ ಮತ್ತ ತಲಿ ಎತ್ತತದ, ಆದ್ರ ಎರಡ ತಾಸು ಅನ್ನೋದು ಈಗ ಹತ್ತ ನಿಮಿಷಕ್ಕ ಇಳದದ. ನನ್ನ ಭರವಸಿ ಆ ಹತ್ತ ನಿಮಿಷದಾಗ ಅದ.

ವೈನಿ, ಮೌಶಿ, ಬಾಜೂ ಮನೀ ಅಕ್ಕಂದ್ರ, ನಿಮಗ ಒಂದ ಮಾತು. ಇಂಥಾ ಕೂಸು ಕಂಡ್ರ ಮಡಿ ಅಂತ ಹೊಗಳಬ್ಯಾಡ್ರಿ, ಹುಚ್ಚು ಅಂತ ಪಿಸುಗುಡಬ್ಯಾಡ್ರಿ. "ಮದುವಿಗೆ ತೊಂದ್ರಿ ಆಗ್ತದ, ಮುಚ್ಚಿಡು" ಅಂತ ತಾಯಿಗೆ ಹೇಳಬ್ಯಾಡ್ರಿ. ಮುಚ್ಚಿಟ್ಟ ಆ ವರ್ಷ ನನಗ ತಿರುಗಿ ಸಿಗಂಗಿಲ್ಲ. ಧಾರವಾಡದಾಗ ಡಿಮ್ಹಾನ್ಸ್ ಅದ, ಬೆಂಗಳೂರಾಗ ನಿಮ್ಹಾನ್ಸ್‌ನಲ್ಲಿ ಈ ಬ್ಯಾನಿಗೇ ಬ್ಯಾರೆ ಕ್ಲಿನಿಕ್ ಅದ. ಎಲ್ಲಿ ಹೋಗಬೇಕು ತಿಳೀಲಿಲ್ಲಂದ್ರ ಸರ್ಕಾರದ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ರೊಕ್ಕ ಬೀಳಂಗಿಲ್ಲ, ಕನ್ನಡದಾಗ ಮಾತಾಡ್ತಾರ.

ಇದನ್ನೆಲ್ಲಾ ಮಗಳನ್ನ ಕೇಳೇ ಬರದೀನಿ. "ಬರಿ ಅಮ್ಮಾ, ಹೋಳಿಗಿ ದಪ್ಪ ಆಗಿದ್ದು ಮಾತ್ರ ಬಿಡು" ಅಂದ್ಲು. ಅದೊಂದು ಮಾತು ಕೇಳಲಿಲ್ಲ ನಾ.